ಹತ್ತಿರದ ಗೆರೆ ಯಾವುದು?

ವಾಲಿಬಾಲ್ ಅಂಕಣದಲ್ಲಿ ಗೆರೆಗೆ ತಾಗಿದ ಚೆಂಡು ಒಳಗೆ. ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಗೆರೆಗೆ ತಾಗಿದ ಚೆಂಡು ಹೊರಗೆ. ಪಕ್ಕಪಕ್ಕದ ಎರಡು ಅಂಕಣಗಳಲ್ಲಿ ಒಂದೇ ಬಿಳಿ ಗೆರೆಗೆ ಎರಡು ಅರ್ಥ! ಎರಡೂ ಆಟ ಆಡುವ ಮಕ್ಕಳು ಇದನ್ನು ಬೇಗ ಕಲಿಯುತ್ತಾರೆ. ಬದಿಯಲ್ಲಿ ಕುಳಿತು ನೋಡುವ ಹಿರಿಯರು ಸ್ವಲ್ಪ ತಡವಾಗಿ. ಹೀಗಾಗಿ ಶಾಲಾ ಪಂದ್ಯಗಳಲ್ಲಿ ರೆಫರಿಯ ಸೀಟಿ ಕೇಳಿಸಿದ ಕೂಡಲೇ ಅಂಕಣದ ಒಳಗಿಗಿಂತ ಹೊರಗೇ ಹೆಚ್ಚು ಗದ್ದಲ.

ಸೀಟಿ ಊದಿದ ರೆಫರಿಯ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಚೆಂಡು ಯಾರದು? ಅದು ಎಲ್ಲಿಂದ ಒಳಗೆ ಬರಬೇಕು? ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದರ ಕಡೆಗೆ ಗಮನ ಕೊಡುವವರು ಕಡಿಮೆ. ಆದರೆ ಆಟದ ನ್ಯಾಯ ಅಡಗಿರುವುದು ಎರಡನೆಯದರಲ್ಲಿಯೂ ಹೌದು. ಬುಟ್ಟಿಯ ಪಕ್ಕದಿಂದ ಎಸೆದ ಚೆಂಡು ಒಂದೇ ಪಾಸಿನಲ್ಲಿ ಎರಡು ಅಂಕ ತರಬಲ್ಲದು. ಅದೇ ಚೆಂಡು ಏಳೆಂಟು ಮೀಟರ್ ದೂರದಿಂದ ಬಂದರೆ ಎದುರಾಳಿಗಳಿಗೆ ಕಾವಲು ಕಟ್ಟಲು ವೇಳೆ ಸಿಗುತ್ತದೆ.

'ಯಾರದು' ಎಂಬುದಕ್ಕೆ ನಿಯಮ ಸರಳ. ಹೊರಗೆ ಹೋಗುವ ಮುನ್ನ ಚೆಂಡನ್ನು ಕೊನೆಗೆ ಮುಟ್ಟಿದವನ ಎದುರು ತಂಡಕ್ಕೆ ಚೆಂಡು. ಗೆರೆಯ ಆಚೆ ಗಾಳಿಯಲ್ಲಿ ತೇಲುವ ಚೆಂಡು ಇನ್ನೂ ಹೊರಗೆ ಹೋದಂತಲ್ಲ. ಹೊರಗಿನ ನೆಲವನ್ನೋ, ವಸ್ತುವನ್ನೋ, ವ್ಯಕ್ತಿಯನ್ನೋ ಅದು ತಾಕಬೇಕು. ಆದ್ದರಿಂದಲೇ ಆಟಗಾರ ಒಳಗಿನಿಂದ ಹಾರಿ, ಗಾಳಿಯಲ್ಲಿದ್ದಂತೆಯೇ ಚೆಂಡನ್ನು ಒಳಕ್ಕೆ ತಳ್ಳಿ, ಆಮೇಲೆ ಹೊರಗೆ ಬಿದ್ದರೆ ಆಟ ಮುಂದುವರಿಯುತ್ತದೆ. ಇಬ್ಬರೂ ಒಟ್ಟಿಗೆ ಮುಟ್ಟಿದರೆ, ಅಥವಾ ಕೊನೆಗೆ ಮುಟ್ಟಿದವರು ಯಾರೆಂದು ರೆಫರಿಗಳಿಗೇ ಖಚಿತವಾಗದಿದ್ದರೆ, ಸ್ಕೋರರ್ ಮೇಜಿನ ಮೇಲಿರುವ ಬಾಣದ ಗುರುತು ಯಾವ ಕಡೆ ತೋರುತ್ತದೋ ಆ ತಂಡಕ್ಕೆ ಅವಕಾಶ. ಪ್ರತಿ ಸಲವೂ ಬಾಣ ದಿಕ್ಕು ಬದಲಿಸುತ್ತದೆ. ಅನುಮಾನದ ಲಾಭ ಸರದಿಯಂತೆ ಹಂಚಿಹೋಗುತ್ತದೆ.

ಇನ್ನು 'ಎಲ್ಲಿಂದ' ಎಂಬ ಪ್ರಶ್ನೆ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ (ಫೀಬಾ) ನಿಯಮದ ಸಾರ ಇಷ್ಟೇ: ತಪ್ಪು ನಡೆದ ಅಥವಾ ಆಟ ನಿಂತ ಜಾಗಕ್ಕೆ ಅತ್ಯಂತ ಹತ್ತಿರವಾದ ಹೊರಸ್ಥಳದಿಂದ. 'ಅತ್ಯಂತ ಹತ್ತಿರ' ಎಂದ ಕೂಡಲೇ ವಿಷಯ ಆಟದ ಮೈದಾನದಿಂದ ರೇಖಾಗಣಿತದ ತರಗತಿಗೆ ಬಂತು! ಒಂದು ಬಿಂದುವಿನಿಂದ ಒಂದು ರೇಖೆಗೆ ಇರುವ ಕನಿಷ್ಠ ದೂರ ಲಂಬದೂರ ಎಂಬುದು ಹೈಸ್ಕೂಲು ಮಕ್ಕಳಿಗೆಲ್ಲ ಗೊತ್ತು.

ಅಂಕಣದ ಉದ್ದ 28 ಮೀಟರ್, ಅಗಲ 15 ಮೀಟರ್. ನಡು ಅಂಕಣದಲ್ಲಿ ತಪ್ಪಾದರೆ ಬದಿಗೆರೆಗೆ 7.5 ಮೀಟರ್, ಕೊನೆಗೆರೆಗೆ 14 ಮೀಟರ್. ಉತ್ತರ ಸ್ಪಷ್ಟ. ಬುಟ್ಟಿಯ ಬಳಿ ತಪ್ಪಾದರೆ ಕೊನೆಗೆರೆಯೇ ಹತ್ತಿರ. ಕಷ್ಟ ಬರುವುದು ಮೂಲೆಯ ಸುತ್ತಮುತ್ತ. ಅಲ್ಲಿ ಎರಡು ಗೆರೆಗಳಿಗೂ ಸಮದೂರದಲ್ಲಿರುವ ಬಿಂದುಗಳೆಲ್ಲ ಆ ಮೂಲೆಯ ಲಂಬಕೋನವನ್ನು ಎರಡು ಸಮಪಾಲು ಮಾಡುವ ಕೋನಾರ್ಧಕದ ಮೇಲಿರುತ್ತವೆ. ನೆಲದ ಮೇಲೆ ಅಂಥ ಗೆರೆಯನ್ನು ಯಾರೂ ಎಳೆದಿರುವುದಿಲ್ಲ. ಆದರೆ ಒಂದು ಗುರುತು ಇದೆ. ಫ್ರೀ ಥ್ರೋ ಗೆರೆಯ ಉದ್ದ 3.6 ಮೀಟರ್, ಅದರ ಆಚೆಯ ಅಂಚು ಕೊನೆಗೆರೆಯಿಂದ 5.8 ಮೀಟರ್ ದೂರದಲ್ಲಿದೆ. ಅಗಲದ ಅರ್ಧವಾದ 7.5ರಿಂದ ಫ್ರೀ ಥ್ರೋ ಗೆರೆಯ ಅರ್ಧವಾದ 1.8 ಕಳೆದರೆ ಉಳಿಯುವುದು 5.7. ಅಂದರೆ ಆ ಗೆರೆಯ ತುದಿಯಿಂದ ಎರಡೂ ಗಡಿಗಳು ಹೆಚ್ಚುಕಡಿಮೆ ಸಮದೂರ! ಅಂಕಣದ ಮೂಲೆಯಿಂದ ಆ ತುದಿಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಂಡರೆ ಸಾಕು. ಬುಟ್ಟಿಯ ಕಡೆ ತಪ್ಪಾದರೆ ಕೊನೆಗೆರೆ, ಇನ್ನೊಂದು ಕಡೆ ಆದರೆ ಬದಿಗೆರೆ. ಒಂದು ಮೀಟರಿಗೆ ಒಂದು ಸೆಂಟಿಮೀಟರಿನಂತೆ ಹಾಳೆಯ ಮೇಲೆ ಬರೆದು ಅಳೆದು ನೋಡಿದರೆ ಇದು ಮನದಟ್ಟಾಗುತ್ತದೆ.

ನಿಯಮಕ್ಕೆ ಅಪವಾದಗಳೂ ಉಂಟು. ಬೋರ್ಡಿನ ನೇರ ಹಿಂದಿನಿಂದ ಎಸೆಯುವಂತಿಲ್ಲ. ಮುಂದೆ ಬೋರ್ಡು ಅಡ್ಡವಿರುವಾಗ ಅಲ್ಲಿ ನಿಲ್ಲಿಸುವುದು ಅವಕಾಶ ಕೊಟ್ಟೂ ಕೊಡದಂತೆ. ಬುಟ್ಟಿ ಬಿದ್ದ ಮೇಲಾದರೆ ಅಂಕ ಬಿಟ್ಟುಕೊಟ್ಟ ತಂಡದವರು ತಮ್ಮ ಕೊನೆಗೆರೆಯ ಹಿಂದೆ ಎಲ್ಲಿಂದಾದರೂ ಎಸೆಯಬಹುದು. ಉಳಿದ ಸಂದರ್ಭಗಳಲ್ಲಿ ತೋರಿಸಿದ ಜಾಗದಿಂದ ಪಕ್ಕಕ್ಕೆ ಒಟ್ಟು ಒಂದು ಮೀಟರಿಗಿಂತ ಹೆಚ್ಚು ಸರಿಯುವಂತಿಲ್ಲ. ಹಿಂದಕ್ಕೆ ಎಷ್ಟಾದರೂ ಹೋಗಬಹುದು. ಚೆಂಡು ಕೈಗೆ ಬಂದ ಮೇಲೆ 5 ಸೆಕೆಂಡಿನೊಳಗೆ ಬಿಡಬೇಕು.

ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಈ ಆಟವನ್ನು ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಕೂಡ ವ್ಯಾಯಾಮ ಕಲಿಸುವ ಮೇಷ್ಟ್ರೇ. ಅವರ 13 ನಿಯಮಗಳಲ್ಲಿ 5 ಸೆಕೆಂಡಿನ ಮಿತಿ ಆಗಲೇ ಇತ್ತು. ಆದರೆ ಹೊರಗೆ ಹೋದ ಚೆಂಡು ಮೊದಲು ಮುಟ್ಟಿದವನ ಪಾಲಾಗುತ್ತಿತ್ತು. ಪರಿಣಾಮವೇನಾಯಿತೆಂದು ಊಹಿಸುವುದು ಕಷ್ಟವಲ್ಲ. ಆಟಗಾರರು ಪ್ರೇಕ್ಷಕರ ನಡುವೆ ನುಗ್ಗಿದರು, ನೂಕಾಡಿದರು. ಕೆಲವು ಕಡೆ ಅಂಕಣದ ಸುತ್ತ ತಂತಿ ಬಲೆಯನ್ನೇ ಕಟ್ಟಬೇಕಾಯಿತು. 1913ರಲ್ಲಿ ನಿಯಮ ಬದಲಾಯಿತು: ಕೊನೆಗೆ ಮುಟ್ಟಿದವನ ಎದುರಾಳಿಗೆ ಚೆಂಡು. ಬಲೆ ಮಾಡಬೇಕಿದ್ದ ಕೆಲಸವನ್ನು ಒಂದು ವಾಕ್ಯ ಮಾಡಿತು.

ಒಂದು ಥ್ರೋ-ಇನ್ ಎಷ್ಟು ಭಾರವಾಗಬಲ್ಲದು ಎಂಬುದಕ್ಕೆ 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್ ಸಾಕ್ಷಿ. ಮೂರು ಸೆಕೆಂಡು ಉಳಿದಿರುವಾಗ ಅಮೆರಿಕದ ಡಗ್ ಕಾಲಿನ್ಸ್ ಎರಡು ಫ್ರೀ ಥ್ರೋ ಹಾಕಿ ತಂಡವನ್ನು 50-49ರ ಮುನ್ನಡೆಗೆ ತಂದರು. ಸೋವಿಯತ್ ತಂಡ ಕೊನೆಗೆರೆಯ ಹಿಂದಿನಿಂದ ಎಸೆಯಬೇಕು. ಈ ಬಗ್ಗೆ ನಿಯಮದಲ್ಲಿ ಗೊಂದಲವಿರಲಿಲ್ಲ. ಗೊಂದಲವೆದ್ದದ್ದು ಗಡಿಯಾರದ ಬಗ್ಗೆ. ಮೊದಲ ಎಸೆತದ ನಂತರ ಟೈಮ್‌ಔಟ್ ವಿಚಾರವಾಗಿ ಗಲಾಟೆಯಾಗಿ ಆಟ ನಿಂತಿತು. ಎರಡನೆಯ ಸಲ ಗಡಿಯಾರವನ್ನು ಇನ್ನೂ ಸರಿಪಡಿಸದೆ ಆಟ ಶುರುವಾಯಿತು. ಮುಕ್ತಾಯದ ಸದ್ದು ಕೇಳಿ ಅಮೆರಿಕನ್ನರು ಕುಣಿದಾಡಿದರು. ಮೂರನೆಯ ಸಲ ಇವಾನ್ ಎಡೆಷ್ಕೋ ಅಂಕಣದ ಉದ್ದಕ್ಕೂ ಎಸೆದ ಚೆಂಡನ್ನು ಅಲೆಕ್ಸಾಂಡರ್ ಬೆಲೊವ್ ಹಿಡಿದು ಬುಟ್ಟಿಗೆ ಹಾಕಿದರು. ಸೋವಿಯತ್ 51, ಅಮೆರಿಕ 50. ಸೋತವರ ದೂರು ತಿರಸ್ಕೃತವಾಯಿತು. ಅವರು ಬೆಳ್ಳಿ ಪದಕ ಸ್ವೀಕರಿಸಲೇ ಇಲ್ಲ. ಇಂದು ದೊಡ್ಡ ಪಂದ್ಯಾವಳಿಗಳಲ್ಲಿ, ಕೊನೆಯ ಎರಡು ನಿಮಿಷಗಳಲ್ಲಿ ಚೆಂಡನ್ನು ಹೊರಗೆ ಕಳಿಸಿದವರಾರೆಂದು ರೆಫರಿ ವಿಡಿಯೊ ನೋಡಿ ನಿರ್ಧರಿಸಬಹುದು.

ಶಾಲೆಯ ಅಂಕಣದಲ್ಲಿ ವಿಡಿಯೊ ಎಲ್ಲಿಂದ ಬರಬೇಕು? ಅಲ್ಲಿರುವುದು ಒಂದು ಜೊತೆ ಕಣ್ಣು, ಒಂದು ಸೀಟಿ. ಬಹಳ ಸಲ ರೆಫರಿ ಬೇರೊಂದು ಶಾಲೆಯ ಡ್ರಿಲ್ ಮೇಷ್ಟ್ರು. ಬೆಳಗಿನಿಂದ ನಾಲ್ಕನೆಯ ಪಂದ್ಯ, ನೆತ್ತಿಯ ಮೇಲೆ ಬಿಸಿಲು. ಮೂಲೆಯಲ್ಲಿ ತಪ್ಪಾದಾಗ ಅವರು ಅರೆಕ್ಷಣದಲ್ಲಿ ಕೋನಾರ್ಧಕ ಎಳೆಯಬೇಕು. ಅವರ ತೀರ್ಪು ಅರ್ಧ ಮೀಟರ್ ಆಚೀಚೆ ಆಗಬಹುದು. ಆದರೆ ಎರಡೂ ತಂಡಗಳಿಗೆ ಅದೇ ಅಳತೆ ಅನ್ವಯವಾಗುತ್ತಿದೆಯೇ ಎಂಬುದು ಮುಖ್ಯ. "ಸಾರ್, ಬುಟ್ಟಿ ಹತ್ತಿರದಿಂದ ಕೊಡಿ" ಎಂದು ಕೂಗುವ ತಂದೆ ಕೇಳುತ್ತಿರುವುದು ಹತ್ತಿರದ ಗೆರೆಯನ್ನಲ್ಲ, ತನ್ನ ಮಗನಿಗೆ ಅನುಕೂಲವಾದ ಗೆರೆಯನ್ನು.

ಆ ಹೊತ್ತಿಗೆ ಹುಡುಗ ಗೆರೆಯ ಹೊರಗೆ ಚೆಂಡು ಹಿಡಿದು ನಿಂತಿರುತ್ತಾನೆ. ಅವನಿಗಿರುವುದು ಐದೇ ಸೆಕೆಂಡು. ಅಷ್ಟರಲ್ಲಿ ಒಳಗಿರುವ ನಾಲ್ವರು ಜೊತೆಗಾರರಲ್ಲಿ ಕಾವಲು ತಪ್ಪಿಸಿಕೊಂಡವನು ಯಾರೆಂದು ಅವನು ಹುಡುಕಬೇಕು. ಅವನ ಕಣ್ಣು ಅಂಕಣದ ಒಳಗೇ ಇರಲಿ. ಹಿಂದಿನಿಂದ ಕೂಗಿ ಆ ಕಣ್ಣನ್ನು ಹೊರಗೆ ಎಳೆಯದಿರುವುದೇ ಹಿರಿಯರು ಮಾಡಬಹುದಾದ ದೊಡ್ಡ ಸಹಾಯ.