ಕಂಬದ ಕೆಳಗಿನ ಕಲ್ಲು

ಈ ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಗುಡೇಮಾರನಹಳ್ಳಿಯಿಂದ ಬೆಂಗಳೂರಿಗೆ ಹೋಗಿದ್ದೆ. ಕೆ.ಆರ್. ಮಾರ್ಕೆಟ್ಟಿನ ಗದ್ದಲ ದಾಟಿದರೆ ಟಿಪ್ಪುವಿನ ಬೇಸಿಗೆ ಅರಮನೆ ಹತ್ತಿರವೇ. ಅವಳಿಗೆ ನಿರಾಸೆಯಾಯಿತು. “ಇಷ್ಟೇನಾ ತಾತ? ಸಿಂಹಾಸನ ಎಲ್ಲಿ?”

ನಿಜ, ಅದು ಎರಡಂತಸ್ತಿನ ಮರದ ಮನೆಯಷ್ಟೆ. ಹೈದರಾಲಿ 1781ರಲ್ಲಿ ಕೋಟೆಯೊಳಗೆ ಶುರು ಮಾಡಿದ್ದನ್ನು ಮಗ ಟಿಪ್ಪು 1791ರಲ್ಲಿ ಮುಗಿಸಿದ. ಅದೇ ವರ್ಷ ಮಾರ್ಚಿಯಲ್ಲಿ ಕಾರ್ನ್‌ವಾಲಿಸ್ ಕೋಟೆಯನ್ನೇ ಹಿಡಿದ! ತೇಗದ ಕಂಬಗಳು, ಅವುಗಳ ನಡುವೆ ಕಮಾನುಗಳು, ಮಹಡಿಯಲ್ಲಿ ದರ್ಬಾರು ನಡೆಸುತ್ತಿದ್ದ ಮೊಗಸಾಲೆ, ಗೋಡೆಯ ಮೇಲೆ ಮಾಸಿದ ಹೂಬಳ್ಳಿ.

ನನ್ನ ಕಣ್ಣು ಹೋದದ್ದು ಕಂಬದ ಬುಡಕ್ಕೆ. ಮರ ನೆಲಕ್ಕೆ ತಾಗಿಲ್ಲ, ಕಲ್ಲಿನ ಪೀಠದ ಮೇಲೆ ನಿಂತಿದೆ. ನೆಲದ ತೇವ ಮೇಲೇರುವುದಿಲ್ಲ, ಗೆದ್ದಲು ಹತ್ತುವುದೂ ಕಷ್ಟ.

“ನಮ್ಮ ಹಳೇಮನೆ ಕಂಬಾನೂ ಹಿಂಗೇ ಅಲ್ವಾ ತಾತ?” ಎಂದಳು.

ನಾನು ಮಾತಾಡಲಿಲ್ಲ. ನಮ್ಮಜ್ಜ ಕಟ್ಟಿಸಿದ ತೊಟ್ಟಿಮನೆಗೆ ಬೀಗ ಬಿದ್ದು ಒಂಬತ್ತು ವರ್ಷ. ದೀಪಾವಳಿ ಕಳೆದ ಮೇಲೆ ಕೆಡವಿ ನಿವೇಶನ ಹಂಚಿಕೊಳ್ಳೋಣ ಎಂದು ತಮ್ಮಂದಿರು ಹೇಳಿದ್ದರು. ನಾನೂ ತಲೆಯಾಡಿಸಿದ್ದೆ.

ಟಿಪ್ಪು 1799ರಲ್ಲಿ ಮಡಿದ ಮೇಲೂ ಅರಮನೆಗೆ ಬೀಗ ಬೀಳಲಿಲ್ಲ. ಬ್ರಿಟಿಷರು ಅಲ್ಲಿ ಸರ್ಕಾರಿ ಕಚೇರಿ ನಡೆಸಿದರು. 1868ರಲ್ಲಿ ಅಠಾರ ಕಚೇರಿಗೆ, ಅಂದರೆ ಇಂದಿನ ಹೈಕೋರ್ಟ್ ಕಟ್ಟಡಕ್ಕೆ, ಹೋಗುವವರೆಗೂ ಗುಮಾಸ್ತರು ಅದೇ ಕಮಾನುಗಳ ಕೆಳಗೆ ಕೂತು ಬರೆದರು. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಸುಲ್ತಾನನಿಗಿಂತ ಆ ಗುಮಾಸ್ತರೇ ಹತ್ತಿರದವರೆನಿಸಿದರು. ಸೋರಿದ ದಿನ ಕಾಗದ ನೆನೆಯದಿರಲೆಂದಾದರೂ ಯಾರೋ ಸೂರು ನೋಡಿರಬೇಕಲ್ಲ! ಈಗ ಕಾವಲಿಗೆ ಕೇಂದ್ರ ಪುರಾತತ್ವ ಇಲಾಖೆಯಿದೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ ಎಂಬ ಕಾನೂನೂ ಇದೆ. ಗುಡೇಮಾರನಹಳ್ಳಿಯ ತೊಟ್ಟಿಮನೆಗೆ ಯಾವ ಇಲಾಖೆ ಬರುತ್ತದೆ?

ಮಾರನೆಯ ದಿನ ಬೀಗ ತೆಗೆದೆವು. ತೊಟ್ಟಿಯಲ್ಲಿ ಮೊಣಕಾಲೆತ್ತರ ಕಸ, ಬಾವಲಿ ವಾಸನೆ. ಎಂಟು ಕಂಬಗಳಲ್ಲಿ ಏಳು ಗಟ್ಟಿಯಾಗಿದ್ದವು. ಈಶಾನ್ಯ ಮೂಲೆಯದು ಬುಡದಲ್ಲಲ್ಲ, ತಲೆಯಲ್ಲಿ ಕೊಳೆತಿತ್ತು. ಮೇಲೆ ನಾಲ್ಕು ಹಂಚು ಒಡೆದು ಮಳೆನೀರು ನೇರ ಅದರ ಮೇಲೇ ಇಳಿದಿತ್ತು. ಕೆಳಗಿನ ಕಲ್ಲು ಮಾತ್ರ ಅಜ್ಜ ಇಟ್ಟ ಹಾಗೇ ಇತ್ತು. ಮೊಮ್ಮಗಳು ಅದರ ಮೇಲಿನ ಮಣ್ಣು ಒರೆಸಿದಳು.

ಹಂಚು ತರಿಸಲು ತಮ್ಮನಿಗೆ ಫೋನು ಮಾಡಿದೆ.

“ಕೆಡವೋ ಮನೆಗೆ ಹಂಚ್ಯಾಕಣ್ಣಾ?” ಎಂದ.

“ಈ ಮಳೆಗಾಲ ಒಂದು ಕಳೀಲಿ ಕಣೋ” ಎಂದೆ.