ಮನೆಯ ಮೊಬೈಲೂ ಮಗಳ ಪ್ರಶ್ನೆಯೂ

ಕಳೆದ ಮುಂಗಾರಿನ ಒಂದು ಸಂಜೆ ನಾಗಲದಿನ್ನೆಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಕುಳಿತು, ಒಂಬತ್ತನೆಯ ತರಗತಿಯ ನನ್ನ ಮಗಳು ವಿಜ್ಞಾನದ ಪಾಠವೊಂದನ್ನು ಮೊಬೈಲಿನಲ್ಲಿ ನೋಡುತ್ತಿದ್ದಳು. ಕನ್ನಡ ಮಾಧ್ಯಮದ ಮಕ್ಕಳಿಗೆ ನಮ್ಮ ಸೀಮೆಯಲ್ಲಿ ಮನೆಪಾಠ ದೊರೆಯುವುದು ಅಪರೂಪ. ಕರ್ನಾಟಕದ ಶಿಕ್ಷಕರು ಸಿದ್ಧಪಡಿಸಿದ ವಿಡಿಯೋಗಳೇ ಅವಳಿಗೆ ಎರಡನೆಯ ಶಾಲೆ. ಬೆಳಕಿನ ವಕ್ರೀಭವನದ ಪಾಠ ನಡುವೆ ನಿಂತು ಜಾಹೀರಾತೊಂದು ಮೂಡಿತು: ಒಡವೆಯ ಮೇಲೆ ತತ್‌ಕ್ಷಣ ಸಾಲ. ಅದು ಮುಗಿದು ಪಾಠ ಮುಂದುವರಿಯಿತು. ಮತ್ತೆ ಅದೇ ಜಾಹೀರಾತು. ಮೂರನೆಯ ಬಾರಿ ಅವಳು ತಲೆಯೆತ್ತಿ ಕೇಳಿದಳು: "ಅಪ್ಪಾ, ನಮಗೆ ಸಾಲ ಆಗಿದೆಯಾ?"

ನಾನು ಉತ್ತರಿಸಲಾರದೆ ಹೋದೆ. ಆ ವರ್ಷ ತಮ್ಮನ ಹತ್ತಿಯ ಬೆಳೆ ಮಳೆಗೆ ಸಿಕ್ಕಿ ಹಾಳಾಗಿತ್ತು. ಹಿಂದಿನ ವಾರ, ಮನೆಯವರೆಲ್ಲ ಮಲಗಿದ ಮೇಲೆ, ಅದೇ ಮೊಬೈಲಿನಲ್ಲಿ ಚಿನ್ನದ ಸಾಲದ ಬಡ್ಡಿಯ ದರಗಳನ್ನು ನಾನು ಹುಡುಕಿದ್ದೆ. ಹೆಂಡತಿಗೂ ಹೇಳಿರಲಿಲ್ಲ. ಕಕ್ಷಿದಾರರ ಗುಟ್ಟನ್ನು ಕಾಪಾಡುವುದೇ ವಕೀಲನ ವೃತ್ತಿಯ ಜೀವಾಳ. ಇಪ್ಪತ್ತು ವರ್ಷ ಆದೋನಿಯ ನ್ಯಾಯಾಲಯಗಳಲ್ಲಿ ಪರರ ಗುಟ್ಟುಗಳನ್ನು ಹೊತ್ತು ತಿರುಗಿದ ನನಗೆ, ನನ್ನ ಮನೆಯ ಗುಟ್ಟನ್ನು ಒಂದು ವಾರ ಕಾಪಾಡಿಕೊಳ್ಳಲು ಆಗಲಿಲ್ಲ. ಅದನ್ನು ಬಯಲು ಮಾಡಿದ್ದು ನೆರೆಹೊರೆಯವರಲ್ಲ, ನಮ್ಮ ಕೈಯಲ್ಲಿದ್ದ ಯಂತ್ರ.

ಆ ರಾತ್ರಿಯೇ ಜಾಹೀರಾತು ತಡೆಯುವ ಸಾಧನಗಳ ಬೆನ್ನುಹತ್ತಿದೆ. ಕೆಲವು ತಿಂಗಳ ಆ ಪ್ರಯತ್ನದಲ್ಲಿ ಕಂಡುಕೊಂಡದ್ದನ್ನು ನನ್ನಂತೆಯೇ ಒಂದೇ ಮೊಬೈಲಿನಲ್ಲಿ ಸಂಸಾರವನ್ನೂ ಶಾಲೆಯನ್ನೂ ನಡೆಸುವ ಪಾಲಕರ ಮುಂದೆ ಇಡುತ್ತಿದ್ದೇನೆ.

ಮೊದಲು ಅದರ ಕೆಲಸದ ರೀತಿ. ನಾವು ಒಂದು ಪುಟವನ್ನು ತೆರೆದಾಗ ಆ ಪುಟದ ಒಡೆಯರೊಡನೆ ಮಾತ್ರ ಮಾತಾಡುತ್ತಿದ್ದೇವೆಂದು ಭಾವಿಸುತ್ತೇವೆ. ವಾಸ್ತವದಲ್ಲಿ ಅದೇ ಕ್ಷಣದಲ್ಲಿ ನಮ್ಮ ಯಂತ್ರವು ನಾವು ಹೆಸರೂ ಕೇಳದ ಹಲವು ಜಾಹೀರಾತು ಕಂಪನಿಗಳ ಬಾಗಿಲನ್ನೂ ತಟ್ಟಿರುತ್ತದೆ. ಅವು ಕುಕಿ ಎಂಬ ಪುಟ್ಟ ಚೀಟಿಯೊಂದನ್ನು ನಮ್ಮ ಯಂತ್ರದಲ್ಲಿ ಇಟ್ಟುಹೋಗುತ್ತವೆ. ಮತ್ತೊಂದು ತಾಣಕ್ಕೆ ಹೋದಾಗ ಅದೇ ಕಂಪನಿ ಅಲ್ಲಿಯೂ ಕುಳಿತಿದ್ದರೆ, ಚೀಟಿಯನ್ನು ನೋಡಿ, ನಿನ್ನೆ ಸಾಲದ ಬಡ್ಡಿ ವಿಚಾರಿಸಿದ್ದವರು ಇವರೇ ಎಂದು ಗುರುತಿಸುತ್ತದೆ. ತಡೆಯುವ ಸಾಧನದ ಬಳಿ ಇಂತಹ ಕಂಪನಿಗಳ ವಿಳಾಸಗಳ ಪಟ್ಟಿಯಿರುತ್ತದೆ. 'ಈಸಿಲಿಸ್ಟ್' ಎಂಬುದು ಅವುಗಳಲ್ಲಿ ಪ್ರಸಿದ್ಧವಾದುದು. ಪಟ್ಟಿಯಲ್ಲಿರುವ ವಿಳಾಸಕ್ಕೆ ಯಂತ್ರ ಹೊರಟರೆ ಹೊಸ್ತಿಲಲ್ಲೇ ನಿಲ್ಲಿಸುತ್ತದೆ.

ಕಚೇರಿಯ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ಬ್ರೌಸರಿಗೆ 'ಯುಬ್ಲಾಕ್ ಆರಿಜಿನ್' ಎಂಬ ಉಚಿತ ಸಾಧನವನ್ನು ಹಾಕಿಕೊಂಡೆ. ನಾನು ದಿನವೂ ಓದುವ ಸುದ್ದಿತಾಣದ ಪುಟ ಹಗುರಾಯಿತು, ಬೇಗ ತೆರೆದುಕೊಂಡಿತು. ತಡೆದ ಸಂಪರ್ಕಗಳ ಲೆಕ್ಕ ಮೂಲೆಯಲ್ಲಿ ಕಂಡಿತು. ಇವು ನಿಜಕ್ಕೂ ಕೆಲಸ ಮಾಡುತ್ತವೆಯೇ ಎಂಬ ಪ್ರಶ್ನೆಗೆ ಮೊದಲ ಉತ್ತರ: ಹೌದು, ಮಾಡುತ್ತವೆ. ಬ್ರೌಸರುಗಳೂ ತಾವಾಗಿ ಎಚ್ಚೆತ್ತಿವೆ. ಫೈರ್‌ಫಾಕ್ಸ್ 2019ರಿಂದ ಜಾಡು ಹಿಡಿಯುವ ಕುಕಿಗಳನ್ನು ತಾನಾಗಿಯೇ ತಡೆಯುತ್ತಿದೆ; ಆಪಲ್ ಕಂಪನಿಯ ಸಫಾರಿ 2020ರಲ್ಲಿ ಮೂರನೆಯವರ ಕುಕಿಗಳನ್ನು ಪೂರ್ಣವಾಗಿ ನಿಲ್ಲಿಸಿತು. ಕ್ರೋಮ್‌ನ ಒಡೆಯನಾದ ಗೂಗಲ್, ಎರಡು ವರ್ಷಗಳೊಳಗೆ ತಾನೂ ಹಾಗೆ ಮಾಡುವುದಾಗಿ 2020ರ ಜನವರಿಯಲ್ಲಿ ಸಾರಿ, ಮತ್ತೆ ಮತ್ತೆ ಮುಂದೂಡಿ, 2024ರ ಜುಲೈಯಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು. ಅಷ್ಟೇ ಅಲ್ಲ, ಕ್ರೋಮ್ ತನ್ನ ವಿಸ್ತರಣೆಗಳ ನಿಯಮವನ್ನು ಬದಲಿಸಿದ್ದರಿಂದ ಯುಬ್ಲಾಕ್ ಆರಿಜಿನ್‌ನ ಪೂರ್ಣರೂಪಕ್ಕೆ ಈಗ ಅಲ್ಲಿ ಸ್ಥಳವಿಲ್ಲ. ಶಕ್ತಿ ಕುಂದಿದ ರೂಪವೊಂದು ಮಾತ್ರ ದೊರೆಯುತ್ತದೆ. ಆದಾಯದ ಬಹುಭಾಗವನ್ನು ಜಾಹೀರಾತಿನಿಂದಲೇ ಪಡೆಯುವ ಕಂಪನಿಯಿಂದ ಬೇರೇನನ್ನು ನಿರೀಕ್ಷಿಸಲಾದೀತು?

ಆದರೆ ಮಗಳ ಕೈಯಲ್ಲಿದ್ದುದು ಕಂಪ್ಯೂಟರಲ್ಲ, ಮೊಬೈಲು. ಆಂಡ್ರಾಯ್ಡ್ ಮೊಬೈಲಿನ ಕ್ರೋಮ್‌ಗೆ ಇಂತಹ ವಿಸ್ತರಣೆಗಳನ್ನು ಸೇರಿಸಲು ಬರುವುದಿಲ್ಲ. ಫೈರ್‌ಫಾಕ್ಸ್‌ಗೆ ಬರುತ್ತದೆ, ಅದನ್ನೇ ಹಾಕಿದೆ. ಮಾರನೆಯ ದಿನ ಪಾಠದ ನಡುವೆ ಒಡವೆಯ ಸಾಲ ಮತ್ತೆ ಪ್ರತ್ಯಕ್ಷವಾಯಿತು! ಅವಳು ಪಾಠ ನೋಡುತ್ತಿದ್ದುದು ಬ್ರೌಸರಿನಲ್ಲಿ ಅಲ್ಲ, ಆ್ಯಪ್‌ನಲ್ಲಿ. ಬ್ರೌಸರಿಗೆ ಹಾಕಿದ ಬೀಗ ಆ್ಯಪ್‌ನ ಬಾಗಿಲನ್ನು ಕಾಯುವುದಿಲ್ಲ. ಮೇಲಾಗಿ, ನಾನು ರಾತ್ರಿ ಹುಡುಕಿದ್ದೂ ಅವಳು ಹಗಲು ಪಾಠ ಕೇಳಿದ್ದೂ ಒಂದೇ ಖಾತೆಯಲ್ಲಿ. ನಾವೇ ಹೆಸರು ಹೇಳಿ ಒಳಹೊಕ್ಕ ಅಂಗಡಿಯ ಒಡೆಯನಿಗೆ ನಮ್ಮ ಗುರುತು ಹಿಡಿಯಲು ಯಾವ ಚೀಟಿಯೂ ಬೇಕಿಲ್ಲ.

ಗುಪ್ತ ಕಿಟಕಿಯಲ್ಲಿ ಹುಡುಕಿದ್ದರೆ ಈ ಪಾಡು ಬರುತ್ತಿರಲಿಲ್ಲವೆಂದು ಕಿರಿಯ ವಕೀಲರೊಬ್ಬರು ಹೇಳಿದರು. ಅರ್ಧ ನಿಜ. ಗುಪ್ತ ಕಿಟಕಿಯು ನಮ್ಮ ಯಂತ್ರದಲ್ಲಿ ಇತಿಹಾಸವನ್ನು ಉಳಿಸುವುದಿಲ್ಲ, ನಮ್ಮ ಖಾತೆಯನ್ನೂ ತಾನಾಗಿ ಜೋಡಿಸುವುದಿಲ್ಲ. ಆದರೆ ಎದುರಿನ ತಾಣವಾಗಲಿ ಸಂಪರ್ಕ ಒದಗಿಸುವ ಕಂಪನಿಯಾಗಲಿ ಕುರುಡಾಗುವುದಿಲ್ಲ. ಅಮೆರಿಕದಲ್ಲಿ 2020ರಲ್ಲಿ ಹೂಡಲಾದ ದಾವೆಯೊಂದರ ರಾಜಿಯಲ್ಲಿ, ಗುಪ್ತ ಕಿಟಕಿಯ ಬಳಕೆಯ ಕಾಲದಲ್ಲಿ ಸಂಗ್ರಹವಾದ ಶತಕೋಟಿಗಟ್ಟಲೆ ದಾಖಲೆಗಳನ್ನು ಅಳಿಸಲು ಗೂಗಲ್ 2024ರಲ್ಲಿ ಒಪ್ಪಿಕೊಂಡಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣದೇ ಇರುತ್ತದೆಯೇ?

ಮತ್ತೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಕುಕಿಗಳನ್ನೆಲ್ಲ ತಡೆದರೂ ಯಂತ್ರದ ಪರದೆಯ ಅಳತೆ, ಅದರಲ್ಲಿರುವ ಅಕ್ಷರಶೈಲಿಗಳು, ಆಯ್ದುಕೊಂಡ ಭಾಷೆ, ಸಮಯವಲಯ, ಇವನ್ನೆಲ್ಲ ಕೂಡಿಸಿ ಬೆರಳಚ್ಚಿನಂತಹ ಗುರುತನ್ನು ತಯಾರಿಸಬಹುದು. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಸುಮಾರು 4,70,000 ಬ್ರೌಸರುಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಶೇಕಡಾ 83.6ರಷ್ಟು ಮತ್ತೊಂದನ್ನು ಹೋಲದೆ ಒಂಟಿಯಾಗಿ ಎದ್ದು ಕಂಡವು. ಅದೇ ಸಂಸ್ಥೆಯ 'ಕವರ್ ಯುವರ್ ಟ್ರ್ಯಾಕ್ಸ್' ಎಂಬ ಉಚಿತ ಪರೀಕ್ಷೆಯನ್ನು ನನ್ನ ಕಂಪ್ಯೂಟರಿನಲ್ಲಿ ನಡೆಸಿದೆ. ಅದೂ ಒಂಟಿಯೆಂದೇ ಬಂದಿತು. ವಿವರಗಳ ಪಟ್ಟಿಯಲ್ಲಿ, ಹಲವರಲ್ಲಿ ಕಾಣದ ಲಕ್ಷಣವೊಂದು ನನ್ನ ಕಣ್ಣಿಗೆ ಬಿದ್ದಿತು: ಭಾಷೆ, ಕನ್ನಡ. ಅಭಿಮಾನದಿಂದ ನಾನೇ ಆರಿಸಿಟ್ಟ ಭಾಷೆ. ಬೆಂಗಳೂರಿನಲ್ಲಿ ಅದು ಜನಜಂಗುಳಿಯ ನಡುವಿನ ಮುಖ. ತೆಲುಗಿನ ನಡುವಿನ ಆದೋನಿಯಲ್ಲಿ ಬೇರೆಯಾಗಿ ಕಾಣುವ ಮುಖ. ಗಡಿಯಾಚೆ ಕನ್ನಡವನ್ನು ಉಳಿಸಿಕೊಂಡದ್ದೇ ಜಾಡು ಹಿಡಿಯುವವನಿಗೆ ಒಂದು ಸುಳಿವಾಯಿತು. ಹಾಗೆಂದು ನಾನು ಭಾಷೆಯನ್ನು ಬದಲಿಸಲಿಲ್ಲ, ಬದಲಿಸುವುದೂ ಇಲ್ಲ.

ನಮ್ಮೂರಿನವರಿಗೆ ಇದನ್ನು ಹೊಳೆಯ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿದಾಗ ಮಂತ್ರಾಲಯವೂ ಕರ್ನೂಲೂ ನೀರಿನಲ್ಲಿ ನಿಂತವು. ನಾಗಲದಿನ್ನೆಯ ಸೇತುವೆ ಕೊಚ್ಚಿಹೋಯಿತು. ಮುಂಬಾಗಿಲಿಗೆ ಮರಳಿನ ಮೂಟೆ ಪೇರಿಸಿದವರ ಮನೆಗೆ ನೀರು ಹಿತ್ತಿಲಿನಿಂದ ಬಂದಿತು. ಮೂಟೆ ಸುಳ್ಳಲ್ಲ, ಅದು ತಡೆದಷ್ಟನ್ನು ತಡೆಯಿತು. ಆದರೆ ಮೂಟೆಯನ್ನು ನಂಬಿ ನಿದ್ದೆಹೋಗುವುದು ತಪ್ಪು.

ಹಿತ್ತಿಲನ್ನು ಕಾಯಲು ನಾನು ಮಾಡಿದ್ದು ಇಷ್ಟು. ಮಗಳಿಗೆ ಬೇರೆ ಖಾತೆ ತೆರೆದೆ. ನನ್ನ ಖಾತೆಯಲ್ಲಿ ಹುಡುಕಾಟದ ಹಾಗೂ ವಿಡಿಯೋಗಳ ಇತಿಹಾಸ ಉಳಿಯುವುದನ್ನು ನಿಲ್ಲಿಸಿ, ಹಳೆಯದನ್ನು ಅಳಿಸಿದೆ. ಅಭಿರುಚಿಗೆ ತಕ್ಕ ಜಾಹೀರಾತು ಬೇಡವೆಂದು ಗುರುತುಮಾಡಿದೆ. ಆಂಡ್ರಾಯ್ಡ್ ಪ್ರತಿ ಮೊಬೈಲಿಗೂ ಜಾಹೀರಾತಿಗೆಂದೇ ಒಂದು ಗುರುತಿನ ಸಂಖ್ಯೆಯನ್ನು ಕೊಟ್ಟಿರುತ್ತದೆ. ಸೆಟ್ಟಿಂಗ್ಸ್‌ನ ಗೋಪ್ಯತೆಯ ಭಾಗದಲ್ಲಿ ಹುಡುಕಿ ಅದನ್ನು ಅಳಿಸಿಹಾಕಿದೆ. ಮಗಳಿಗೆ ಈಗಲೂ ಜಾಹೀರಾತು ಬರುತ್ತದೆ, ಸಾಬೂನಿನದು, ಬಿಸ್ಕತ್ತಿನದು. ಒಡವೆಯ ಸಾಲದ್ದು ನಿಂತಿದೆ. ಜಾಹೀರಾತೇ ಪಾಪವೆಂದು ನಾನು ಹೇಳುತ್ತಿಲ್ಲ. ಈ ವಾರಪತ್ರಿಕೆಯಂತಹ ಸಣ್ಣ ಪತ್ರಿಕೆಗಳಿಗೂ ಅದೇ ಆಸರೆ. ಕಾಗದದ ಮೇಲಿನ ಜಾಹೀರಾತನ್ನು ನಾವು ಓದುತ್ತೇವೆ, ಅದು ನಮ್ಮನ್ನು ಓದುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಸಾಧನಗಳು ಕೈಬಿಡುವಲ್ಲಿ ಕಾನೂನು ಆರಂಭವಾಗಬೇಕು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಅರ್ಜಿಯನ್ನು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಅರ್ಜಿ ಸಲ್ಲಿಸಿದಾಗ ಅವರು ಎಂಬತ್ತರ ಗಡಿಯನ್ನು ದಾಟಿದ್ದರು. ಅನಂತರ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೆಯ ಕಲಮು, 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆಯನ್ನು ಕಡ್ಡಾಯಗೊಳಿಸುತ್ತದೆ. ಮಕ್ಕಳ ಜಾಡು ಹಿಡಿಯುವುದನ್ನೂ ಅವರನ್ನು ಗುರಿಯಾಗಿಸಿದ ಜಾಹೀರಾತನ್ನೂ ನಿಷೇಧಿಸುತ್ತದೆ. ಮೀರಿದರೆ ದಂಡ 200 ಕೋಟಿ ರೂಪಾಯಿಗಳವರೆಗೆ. ಶಾಲೆಗಳಿಗೆ ಬೋಧನೆ ಹಾಗೂ ಮಕ್ಕಳ ಸುರಕ್ಷತೆಯ ಮಟ್ಟಿಗೆ ವಿನಾಯಿತಿಯಿದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕರ್ತವ್ಯಗಳು ಜಾರಿಗೆ ಬರುವುದು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಿನಲ್ಲಿ.

ಅದೇ ಕಾಯ್ದೆಯ 5 ಮತ್ತು 6ನೆಯ ಕಲಮುಗಳಲ್ಲಿ ಗಡಿನಾಡಿನ ನಮಗೆ ಮುಖ್ಯವಾದ ಮಾತೊಂದಿದೆ. ಮಾಹಿತಿ ಕೇಳುವ ಕಂಪನಿಯು ತನ್ನ ಸೂಚನೆಯನ್ನೂ ಒಪ್ಪಿಗೆಯ ಕೋರಿಕೆಯನ್ನೂ ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆಯನ್ನು ನಮಗೆ ಕೊಡಬೇಕು. ನಾವಿರುವ ರಾಜ್ಯ ಯಾವುದೆಂದು ಕಾನೂನು ಕೇಳುವುದಿಲ್ಲ. 1953ರಲ್ಲಿ ಆದೋನಿ ಸೀಮೆ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದಂದಿನಿಂದ ಕಚೇರಿಯ ಕಾಗದಗಳನ್ನು ಪರರಿಂದ ಓದಿಸಿಕೊಂಡು ಹೆಬ್ಬೆಟ್ಟು ಒತ್ತಿದವರನ್ನು ನಮ್ಮ ಮನೆತನಗಳು ಕಂಡಿವೆ. ಅರ್ಥವಾಗದ ಭಾಷೆಯ ಕೆಳಗೆ 'ಒಪ್ಪಿದ್ದೇನೆ' ಎಂದು ಬೆರಳು ಒತ್ತುವುದು ಅದೇ ಹೆಬ್ಬೆಟ್ಟು.

ಮಗಳ ಪ್ರಶ್ನೆಗೆ ಕೊನೆಗೆ ಉತ್ತರಿಸಿದೆ: ಸಾಲ ಮಾಡಿಲ್ಲ, ಮಾಡಬೇಕಾಗಬಹುದು, ಚಿಕ್ಕಪ್ಪನ ಹೊಲಕ್ಕಾಗಿ. ಅವಳಿಗೂ ಅವಳ ತಾಯಿಗೂ ಕೂಡಿಯೇ ಹೇಳಿದೆ, ಮೊದಲೇ ಹೇಳಬೇಕಿತ್ತು. ಬಳಿಕ ಅವಳು ಬಳಸುವ ಪಾಠದ ಆ್ಯಪ್‌ನ ಕಂಪನಿಗೆ, ಒಪ್ಪಿಗೆಯ ಸೂಚನೆಯನ್ನು ಕನ್ನಡದಲ್ಲಿ ಕೊಡಿರೆಂದು ಪತ್ರ ಬರೆದೆವು. ಗಡುವು ಬರುವವರೆಗೆ ಅವರು ಬಾಧ್ಯರಲ್ಲವೆಂದು ನಾನು ಬಲ್ಲೆ. ಕೇಳುವುದಕ್ಕೆ ಗಡುವು ಬೇಕಿಲ್ಲ. ಕರಡು ನನ್ನದು, ಶುದ್ಧಪ್ರತಿ ಮಗಳದು. ಉತ್ತರ ಇನ್ನೂ ಬಂದಿಲ್ಲ. ಇಂತಹ ಪತ್ರಗಳು ಇನ್ನೂ ಹತ್ತು ಮನೆಗಳಿಂದ ಹೋದರೆ ಬರುವ ಸಂಭವ ಹೆಚ್ಚು.