ಸಂಜಯನ ಬಾಯಿ ಮುಚ್ಚಿಸುವುದು

ಕುರುಕ್ಷೇತ್ರದ ಯುದ್ಧವನ್ನು ಸಂಜಯ ನೇರಪ್ರಸಾರ ಮಾಡಿದ ಎಂದು ಭಾಷಣಕಾರರು ಹೇಳುವುದುಂಟು. ಭೀಷ್ಮಪರ್ವ ತೆರೆದು ನೋಡಿದರೆ ಸಂಗತಿ ಬೇರೆಯೇ. ಹತ್ತು ದಿನ ಕಾದಾಟ ನಡೆದು ಭೀಷ್ಮ ಉರುಳಿದ ಮೇಲೆ ಸಂಜಯ ರಣಭೂಮಿಯಿಂದ ಬಂದು, ಮೊದಲು ಮುಖ್ಯಾಂಶ ಹೇಳಿ, ಆಮೇಲೆ ವಿವರಗಳಿಗೆ ಇಳಿಯುತ್ತಾನೆ. ಗೀತೆ ಕೂಡ ಹಾಗೆ ತಡವಾಗಿ ತಲುಪಿದ ವರದಿಯೇ. ನನಗೆ ಹೆಚ್ಚು ಹಿಡಿಸುವುದು ಅದಕ್ಕೂ ಹಿಂದಿನ ಪ್ರಸಂಗ. ವ್ಯಾಸರು ಧೃತರಾಷ್ಟ್ರನಿಗೆ ಕಣ್ಣನ್ನೇ ಕೊಡಲು ಸಿದ್ಧರಿದ್ದರು. ನನ್ನವರ ಸಾವನ್ನು ನೋಡಲಾರೆ, ಕೇಳಿದರೆ ಸಾಕು ಎಂದವನು ಅವನೇ. ಬೇಡಿ ಪಡೆದ ವೀಕ್ಷಕ ವಿವರಣೆ ಅದು.

ಶಿವಮೊಗ್ಗದ ನಮ್ಮ ಚಿಕ್ಕಪ್ಪನಿಗೆ ಬೇಡದೆಯೇ ಬಂತು.

"ಟಿವಿ ಮಾತಾಡ್ತಾ ಇದೆ ಕಣೋ" ಅಂತ ಫೋನು.

"ಮಾತಾಡ್ಲಿ ಅಂತ ತಾನೆ ತಂದಿದ್ದು?"

"ಅದಲ್ಲ ಮಾರಾಯ. ನಾನು ಯಾವ ಬಟನ್ ಒತ್ತಿದ್ರೂ ಒಬ್ಳು ವರದಿ ಒಪ್ಪಿಸ್ತಾಳೆ. ಸೌಂಡ್ ಕಮ್ಮಿ ಮಾಡಿದ್ರೆ 'ವಾಲ್ಯೂಮ್ ಇಲೆವೆನ್' ಅಂತಾಳೆ. ಕಮ್ಮಿ ಮಾಡಿದ್ದು ನಾನೇ ಅಲ್ವೇನೋ!"

ಇದಕ್ಕೆ ದೆವ್ವ ಭೂತ ಬೇಕಿಲ್ಲ, ದಿಂಬು ಸಾಕು. ತೆರೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಈ ಧ್ವನಿಯನ್ನು ದೃಷ್ಟಿಯಿಲ್ಲದವರು ಯಾರ ನೆರವೂ ಇಲ್ಲದೆ ಶುರುಮಾಡಿಕೊಳ್ಳಬೇಕಲ್ಲ, ಅದಕ್ಕಾಗಿ ರಿಮೋಟಿನಲ್ಲೇ ಒಳದಾರಿ ಇಟ್ಟಿರುತ್ತಾರೆ. ಫೈರ್ ಟಿವಿಯಲ್ಲಿ ಬ್ಯಾಕ್ ಮತ್ತು ಮೆನು ಬಟನ್‌ಗಳನ್ನು ಒಟ್ಟಿಗೆ ಎರಡು ಸೆಕೆಂಡು ಅದುಮಿದರಾಯಿತು. ಇನ್ನು ಕೆಲವು ಟಿವಿಗಳಲ್ಲಿ ವಾಲ್ಯೂಮ್ ಬಟನ್ ಒತ್ತಿಹಿಡಿದರೆ ಇಂಥ ಸೌಲಭ್ಯಗಳ ಪಟ್ಟಿ ತೆರೆದುಕೊಳ್ಳುತ್ತದೆ. ಮೊಮ್ಮಕ್ಕಳ ಕೈಗೆ ಸಿಗದಿರಲೆಂದು ರಿಮೋಟನ್ನು ದಿಂಬಿನಡಿ ಇಟ್ಟು, ಅದರ ಮೇಲೇ ಒರಗುವ ಮನೆಗಳಲ್ಲಿ ಧ್ವನಿ ಏಳದಿದ್ದರೇ ಆಶ್ಚರ್ಯ.

ದೂರದಿಂದ ರಿಪೇರಿ ಮಾಡುವ ಕಷ್ಟ ಬಲ್ಲವರೇ ಬಲ್ಲರು. "ಈಗ ಏನು ಕಾಣ್ತಿದೆ?" ಎಂದರೆ "ಏನೇನೋ ಕಾಣ್ತಿದೆ" ಎಂಬ ಉತ್ತರ. ಆದರೆ ಅವತ್ತು ಚಿಕ್ಕಪ್ಪ ಬಾಣದ ಬಟನ್ ಒತ್ತಿದಂತೆಲ್ಲ ಫೋನಿನೊಳಗಿಂದ ಆಕೆಯೇ ಹೇಳತೊಡಗಿದಳು: ಹೋಮ್, ಸೆಟ್ಟಿಂಗ್ಸ್, ಡಿಸ್‌ಪ್ಲೇ, ಆಕ್ಸೆಸಿಬಿಲಿಟಿ. "ಹಾಂ, ಅಲ್ಲೇ ನಿಲ್ಲಿ, ಓಕೆ ಒತ್ತಿ" ಎಂದೆ. ತೆರೆ ಕಾಣದವನು ನಾನು. ಆ ಹೊತ್ತಿಗೆ ಆಕೆ ಕೆಲಸ ಮಾಡುತ್ತಿದ್ದುದು ನನಗಾಗಿ. ಆಕೆಯ ಮಾರ್ಗದರ್ಶನದಲ್ಲೇ ಆಕೆಯನ್ನು ಆಫ್ ಮಾಡಿಸಿದೆ. ಆಮೇಲೆ ಚಿಕ್ಕಪ್ಪ ಏನು ಒತ್ತಿದರೋ ನನಗೆ ತಿಳಿಯಲಿಲ್ಲ.

ರಾತ್ರಿ ಮತ್ತೆ ಫೋನು. ಈಗ ಸಿನಿಮಾದೊಳಗೇ ಒಬ್ಬ ಸೇರಿಕೊಂಡು, ನಾಯಕ ಬಾಗಿಲು ತೆರೆದರೆ ಬಾಗಿಲು ತೆರೆದ ಎನ್ನುತ್ತಾನಂತೆ, ಹಿಂದಿಯಲ್ಲಿ. ಇವನ ಮನೆ ಬೇರೆ. ಟಿವಿಯ ಸೆಟ್ಟಿಂಗ್ಸ್ ಎಷ್ಟು ಜಾಲಾಡಿದರೂ ಸಿಗದೆ ಹೋಗಬಹುದು. ಸಿನಿಮಾ ಓಡುತ್ತಿರುವಾಗಲೇ ಆಡಿಯೊ ಪಟ್ಟಿ ತೆರೆದು, 'ಆಡಿಯೊ ಡಿಸ್ಕ್ರಿಪ್ಷನ್' ಎಂದಿರುವುದನ್ನು ಬಿಟ್ಟು ಬರಿಯ 'ಹಿಂದಿ' ಆರಿಸಬೇಕು.

ಈ ಎರಡನೆಯವನ ವಂಶಾವಳಿ ದೊಡ್ಡದು. ಮಾರ್ಗರೆಟ್ ಮತ್ತು ಕೋಡಿ ಫಾನ್‌ಸ್ಟೀಲ್ 1981ರಲ್ಲಿ ವಾಷಿಂಗ್ಟನ್ನಿನ ಅರೀನಾ ಸ್ಟೇಜ್ ರಂಗಮಂದಿರದಲ್ಲಿ ನಾಟಕಗಳಿಗೆ ಇಂಥ ವಿವರಣೆ ಆರಂಭಿಸಿದರು. ಮಾರ್ಗರೆಟ್ ಸ್ವತಃ ದೃಷ್ಟಿ ಕಳೆದುಕೊಂಡಿದ್ದವರು. 2015ರಲ್ಲಿ ನೆಟ್‌ಫ್ಲಿಕ್ಸ್ 'ಡೇರ್‌ಡೆವಿಲ್' ಸರಣಿ ತಂದಾಗ ಕಥಾನಾಯಕನೇ ಅಂಧ, ಆದರೆ ಅಂಧರಿಗಾಗಿ ವಿವರಣೆಯೇ ಇರಲಿಲ್ಲ. ಗಲಾಟೆಯಾಯಿತು, ಕೆಲವೇ ದಿನಗಳಲ್ಲಿ ಧ್ವನಿ ಬಂತು. ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನು ಹೆಸರು ಹಿಡಿದೇ ಹೇಳುತ್ತದೆ. ಆದರೂ 2023ರಲ್ಲಿ 'ಪಠಾಣ್' ಚಿತ್ರದ ಒಟಿಟಿ ಬಿಡುಗಡೆಗೆ ಇದನ್ನು ಸಿದ್ಧಮಾಡಿ ಎಂದು ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಒಂದು ಮನೆಯಲ್ಲಿ ದಿಂಬಿಗೇ ಸಿಗುವ ಧ್ವನಿಗಾಗಿ ಇನ್ನೊಬ್ಬರು ಕೋರ್ಟಿನ ಮೆಟ್ಟಿಲು ಹತ್ತುವುದೆಂದರೆ!

ಹಿಂದಿಯವನನ್ನು ಹೊರಗೆ ಹಾಕುತ್ತಿದ್ದಾಗ ಅಡುಗೆಮನೆಯಿಂದ ಚಿಕ್ಕಮ್ಮನ ಆಕ್ಷೇಪ ಕೇಳಿಸಿತು: "ಅವನನ್ಯಾಕೆ ತೆಗೀತೀರಿ? ಇಲ್ಲಿಂದ್ಲೇ ಕಥೆ ಗೊತ್ತಾಗ್ತಿತ್ತು."

ನ್ಯಾಯವಾದ ಮಾತು. ನಮ್ಮ ಧಾರಾವಾಹಿಗಳ ಬರಹಗಾರರು ಈ ಪ್ರೇಕ್ಷಕಿಯನ್ನು ಎಂದೋ ಅರ್ಥಮಾಡಿಕೊಂಡಿದ್ದಾರೆ. ಅಲ್ಲಿ ಯಾರೂ ಸುಮ್ಮನೆ ಹಾಲಿಗೆ ವಿಷ ಬೆರೆಸುವುದಿಲ್ಲ. ವಿಷ ಬೆರೆಸುತ್ತಿದ್ದೇನೆ, ಇದನ್ನು ಕುಡಿದರೆ ನಿನ್ನ ಕಥೆ ಮುಗೀತು ಎಂದು ಮನಸ್ಸಿನಲ್ಲೇ ಗಟ್ಟಿಯಾಗಿ ಹೇಳಿಕೊಂಡು ಬೆರೆಸುತ್ತಾರೆ. ಪಲ್ಯಕ್ಕೆ ಒಗ್ಗರಣೆ ಹಾಕುತ್ತಿರುವವರು ಬೆನ್ನು ತಿರುಗಿಸಿದ್ದರೂ ಕಥೆ ತಪ್ಪುವುದಿಲ್ಲ. ಸಂಭಾಷಣೆಯ ಸಂದುಗಳಲ್ಲಷ್ಟೇ ನುಸುಳಬೇಕಾದ ವೃತ್ತಿಪರ ವಿವರಣೆಕಾರನಿಗೆ ಈ ಸೌಲಭ್ಯವಿಲ್ಲ. ಕಂಡದ್ದನ್ನು ಹೇಳಬೇಕು, ತೀರ್ಪು ಕೊಡಬಾರದು ಎಂಬುದು ಅವನ ಕಸುಬಿನ ಕಟ್ಟಳೆ. ಅವಳ ಹುಬ್ಬು ಗಂಟಿಕ್ಕಿತು ಎನ್ನಬಹುದು. ಅವಳು ಕೇಡಿಗಿತ್ತಿ ಎನ್ನುವಂತಿಲ್ಲ. ಚಿಕ್ಕಮ್ಮನಿಗೆ ಆ ಕೆಲಸ ಕೊಟ್ಟರೆ ಹುಬ್ಬಿನ ಸುದ್ದಿಯೇ ಇರುವುದಿಲ್ಲ. ಮೊದಲ ದೃಶ್ಯದಲ್ಲೇ "ಇವಳೇ ಎಲ್ಲದಕ್ಕೂ ಕಾರಣ, ನೋಡ್ತಿರಿ" ಎಂದು ಹೇಳಿ, ಸೀರೆ ಎಲ್ಲಿ ತಗೊಂಡಳೋ ಎಂದು ವಿಚಾರಿಸಿ, ಕುಕ್ಕರಿನ ಕೂಗಿಗೆ ಎದ್ದುಹೋಗಿರುತ್ತಾರೆ.